ಮಳಗಿಯ ತೊಲೆ, ಕಡಲಿನ ಮನೆ

ನಮ್ಮೂರು ಮಳಗಿಯನ್ನು ಹಾದುಹೋಗುವ ರಸ್ತೆಗೆ ಹಳೆಯ ಹೆಸರು ಕುಮಟಾ–ತಡಸ ರಸ್ತೆ. ತಡಸದಾಚೆ ಹುಬ್ಬಳ್ಳಿ–ಧಾರವಾಡದ ಎರೆಹೊಲ, ಕುಮಟೆಯಾಚೆ ಅರಬ್ಬೀ ಸಮುದ್ರ. ನಾವಿರುವುದು ನಡುವೆ, ಸಾಗವಾನಿ ಕಾಡು, ಭತ್ತದ ಗದ್ದೆ, ಧರ್ಮಾ ಜಲಾಶಯಗಳ ಮಗ್ಗುಲಲ್ಲಿ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದಾದಾಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಗಾಡಿಗಳ ಸಾಲು ಘಟ್ಟ ಇಳಿದು ಕುಮಟೆಯ ಬಂದರಿನಲ್ಲಿ ಹತ್ತಿಯನ್ನು ಹಡಗಿಗೇರಿಸಿತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಪೇಟೆಯಲ್ಲಿ ಅದು ಕುಮಟಾ ಹತ್ತಿ ಎಂದೇ ಹೆಸರಾಯಿತು. ಮದ್ರಾಸ್ ಪ್ರಾಂತದಲ್ಲಿದ್ದ ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆಯೂ ಈ ಹತ್ತಿ ವ್ಯಾಪಾರಿಗಳ ಒತ್ತಾಯವಿತ್ತು. ಆ ಶತಮಾನ ಮುಗಿಯುವ ಮೊದಲೇ ಹುಬ್ಬಳ್ಳಿಯಿಂದ ಗೋವೆಯ ಮಾರ್ಮಗೋವಾ ಬಂದರಿಗೆ ರೈಲು ಓಡಿತು. ಹತ್ತಿ ಆ ಕಡೆ ಹೊರಳಿತು. ರಸ್ತೆ ಮಾತ್ರ ನಮ್ಮ ಪಾಲಿಗೆ ಉಳಿಯಿತು.

ಕಳೆದ ಬೇಸಿಗೆಯಲ್ಲಿ ಅದೇ ರಸ್ತೆಯಲ್ಲಿ ನಾನು ಕಡಲಿಗೆ ಇಳಿದದ್ದು ತೊಲೆಗಳ ಜೊತೆ. ನಮ್ಮ ದೊಡ್ಡಪ್ಪನ ಮನೆಯನ್ನು ಅವರ ಮಕ್ಕಳು ಕೆಡವಿ ಆರ್‌ಸಿಸಿ ಮನೆ ಕಟ್ಟಲು ಹೊರಟಿದ್ದರು. ಮುಂಡಗೋಡ ತಾಲ್ಲೂಕಿನಲ್ಲಿ ಈಗ ಯಾವ ಊರಿಗೆ ಹೋದರೂ ಇಂಥದೊಂದು ಮನೆ ಬಿಚ್ಚುತ್ತಿರುತ್ತಾರೆ. ಮಣ್ಣಿನ ಗೋಡೆ ಮಣ್ಣಿಗೆ ಸೇರುತ್ತದೆ, ಹಂಚು ದನದ ಕೊಟ್ಟಿಗೆಗೆ ಹೋಗುತ್ತದೆ, ಮರ ಮಾರಾಟಕ್ಕೆ ಬೀಳುತ್ತದೆ. ಕುಮಟೆ ಕಡೆಯ ನನ್ನ ಗೆಳೆಯ, ಕಾಲೇಜಿನ ದಿನಗಳಿಂದ ಬಲ್ಲವನು, ಬಾಡದಾಚೆ ಸಮುದ್ರದ ದಂಡೆಯಲ್ಲಿದ್ದ ತನ್ನ ಅಜ್ಜನ ಮನೆಯನ್ನು ದುರಸ್ತಿಗೆ ಎತ್ತಿಕೊಂಡಿದ್ದ. ಅವನಿಗೆ ಹಳೆಯ ಮರ ಬೇಕಿತ್ತು. ಹೊಸ ಮರ ಬಿಸಿಲು ಗಾಳಿಗೆ ತಿರುಚಿಕೊಳ್ಳುತ್ತದೆ. ಎರಡು ಮೂರು ತಲೆಮಾರು ಮಾಡಿನ ಭಾರ ಹೊತ್ತ ಮರಕ್ಕೆ ಇನ್ನು ತಿರುಚುವುದೇನೂ ಉಳಿದಿರುವುದಿಲ್ಲ. ಅರಣ್ಯ ಇಲಾಖೆಯಿಂದ ಸಾಗಾಟದ ಪಾಸು ಬರೆಸಿಕೊಂಡು, ಮತ್ತಿಯ ತೊಲೆ ಮತ್ತು ಸಾಗವಾನಿಯ ಪಕಾಸಿಗಳನ್ನು ಟೆಂಪೋದಲ್ಲಿ ಬಿಗಿದು, ಚಾಲಕನ ಪಕ್ಕದ ಸೀಟಿನಲ್ಲಿ ನಾನು ಕೂತೆ. ದೊಡ್ಡಮ್ಮ ಹೊಸಿಲಿನಿಂದಾಚೆ ಬಂದು ಒಂದು ತೊಲೆಯ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತಿದ್ದರು. ಆ ತೊಲೆ ಅವರ ಅಡುಗೆಮನೆಯ ನೆತ್ತಿಯ ಮೇಲಿದ್ದದ್ದು, ಹೊಗೆ ಕುಡಿದು ಕಪ್ಪಾಗಿ ಮಿರುಗುತ್ತಿದ್ದದ್ದು.

ಶಿರಸಿ ದಾಟಿದ ಮೇಲೆ ಕಾಡಿನ ಬಣ್ಣವೇ ಬೇರೆ. ನಮ್ಮ ಕಡೆ ಏಪ್ರಿಲ್ ಹೊತ್ತಿಗೆ ಸಾಗವಾನಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ, ನೆಲವೆಲ್ಲ ತರಗೆಲೆಯ ಸದ್ದು. ರಾಗಿಹೊಸಳ್ಳಿ ಕಳೆದು ದೇವಿಮನೆ ಘಟ್ಟದ ನೆತ್ತಿಗೆ ಬಂದರೆ ನಡುಬೇಸಿಗೆಯಲ್ಲೂ ಹಸಿರು ಕಪ್ಪಿಟ್ಟಿರುತ್ತದೆ. ರಸ್ತೆ ಅಗಲ ಮಾಡಲು ಕಡಿದ ಗುಡ್ಡದ ಗಾಯಗಳು ಅಲ್ಲಲ್ಲಿ ಕೆಂಪಗೆ ಕಾಣುತ್ತಿದ್ದವು. ದೇವಿಮನೆಯ ಗುಡಿಯ ಮುಂದೆ ಚಾಲಕ ಗಾಡಿ ನಿಲ್ಲಿಸಿ ಕೈಮುಗಿದು, ಹಗ್ಗ ಇನ್ನೊಮ್ಮೆ ಬಿಗಿದ. ಅಲ್ಲಿಂದ ಕೆಳಗೆ ಪ್ರತಿ ತಿರುವಿಗೂ ಗಾಳಿ ದಪ್ಪವಾಗುತ್ತ ಹೋಯಿತು. ಕತಗಾಲಕ್ಕೆ ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ದೀವಗಿಯ ಸೇತುವೆಯ ಮೇಲೆ ಅಘನಾಶಿನಿ ಕಂಡಳು, ಅಗಲವಾಗಿ, ಆತುರವಿಲ್ಲದೆ. ಶಿರಸಿಯ ಸೀಮೆಯಲ್ಲಿ ಹುಟ್ಟಿ ಒಂದೂ ದೊಡ್ಡ ಅಣೆಕಟ್ಟಿಗೆ ಸಿಕ್ಕದೆ ಕಡಲು ಸೇರುವ ನದಿ ಇದು. ನಮ್ಮ ಧರ್ಮಾ ನದಿಯ ಪಾಡು ಬೇರೆ. ಮಳಗಿಯ ಹತ್ತಿರ ಅದನ್ನು ತಡೆದು ನಿಲ್ಲಿಸಿ, ಕಾಲುವೆಯಲ್ಲಿ ಹಾನಗಲ್ಲಿನ ಗದ್ದೆಗಳಿಗೆ ಕಳಿಸುತ್ತೇವೆ. ಉಳಿದ ನೀರು ವರದಾ ನದಿ ಸೇರಿ ಪೂರ್ವದ ಸಮುದ್ರದ ಕಡೆ ಹೊರಡುತ್ತದೆ. ಒಂದೇ ಜಿಲ್ಲೆಯ ಮಳೆ, ಎರಡು ಸಮುದ್ರಗಳಿಗೆ ಹಂಚಿಕೆ.

ಹೆದ್ದಾರಿಯ ಬದಿಯಲ್ಲಿ ಅಳ್ವೇಕೋಡಿ, ಹಂದಿಗೋಣದ ಸಿಹಿ ಈರುಳ್ಳಿಯ ಗೊಂಚಲುಗಳನ್ನು ಗಳಕ್ಕೆ ತೂಗುಹಾಕಿದ್ದರು. ಒಂದು ಗೊಂಚಲು ಕೊಂಡು ತೊಲೆಗಳ ಮೇಲೆ ಸಿಕ್ಕಿಸಿದೆವು.

ಮನೆ ಕಂಡದ್ದು ಕೇದಗೆಯ ಮೆಳೆ ಮತ್ತು ಎರಡು ಮುದಿ ಸುರಹೊನ್ನೆ ಮರಗಳ ಹಿಂದೆ. ಮೊದಲು ನನಗೆ ಅಚ್ಚರಿಯಾದದ್ದು ಅದು ನಿಂತ ಭಂಗಿ. ಪಡುವಣಕ್ಕೆ ಅಷ್ಟು ವಿಶಾಲವಾದ ಕಡಲಿದ್ದರೂ ಮನೆ ಅದಕ್ಕೆ ಬೆನ್ನು ಹಾಕಿ ಮೂಡಣಕ್ಕೆ ಮುಖ ಮಾಡಿತ್ತು. ಜಗುಲಿ, ತುಳಸಿಕಟ್ಟೆ, ಬಾವಿ ಎಲ್ಲವೂ ಮೂಡಣದಲ್ಲಿ. ಪಡುವಣದ ಗೋಡೆಯಲ್ಲಿ ಒಂದು ಚಿಕ್ಕ ಬಾಗಿಲು, ಮೊಣಕೈ ಅಗಲದ ಎರಡು ಕಿಂಡಿ, ಅಷ್ಟೆ. ಮಾಡು ಆ ಬದಿಯಲ್ಲಿ ಎಷ್ಟು ಕೆಳಗಿಳಿದಿತ್ತೆಂದರೆ ಬಗ್ಗಿಯೇ ಒಳಹೊಗಬೇಕು. ದಾರಿಯಲ್ಲಿ ನೋಡಿದ ಹೊಸ ರೆಸಾರ್ಟುಗಳೆಲ್ಲ ಗಾಜಿನ ಗೋಡೆ ಹೊತ್ತು ಕಡಲಿಗೆ ಎದೆಯೊಡ್ಡಿ ನಿಂತಿದ್ದವು. ಈ ಮನೆ ಕಟ್ಟಿದವರಿಗೆ ಕಡಲಿನ ಬಗ್ಗೆ ರೆಸಾರ್ಟು ಕಟ್ಟಿದವರಿಗಿಂತ ಹೆಚ್ಚು ಗೊತ್ತಿತ್ತು. ಜೂನ್ ತಿಂಗಳಲ್ಲಿ ಪಡುವಣದಿಂದ ಬರುವುದು ನೋಟವಲ್ಲ, ಉಪ್ಪುನೀರು ತುಂಬಿದ ಗಾಳಿ.

ಗೆಳೆಯನಿಗೆ ಆ ಗೋಡೆಯನ್ನು ಒಡೆದು ದೊಡ್ಡ ಕಿಟಕಿ ಇಡುವ ಆಸೆಯಿತ್ತು. ಕೆಲಸ ವಹಿಸಿಕೊಂಡ ಹಿರಿಯ ಗೌಂಡಿ ಒಪ್ಪಲಿಲ್ಲ. ಕಡಲು ನೋಡಬೇಕಾದರೆ ಸುರಹೊನ್ನೆಯ ಬುಡದಲ್ಲಿ ಒಂದು ಕಟ್ಟೆ ಕಟ್ಟಿಕೊಡುತ್ತೇನೆ, ಅಲ್ಲಿ ಕೂತು ಬೇಕಾದಷ್ಟು ನೋಡಿ ಎಂದರು. ಕಟ್ಟೆ ನಾನು ಹೋಗುವಷ್ಟರಲ್ಲಿ ಆಗಿತ್ತು. ಕಿಟಕಿಯ ಮಾತು ಅಲ್ಲಿಗೇ ಬಿಟ್ಟಿತ್ತು.

ಇಂಥ ಮನೆಗಳಿಗೆ ಈಗ ಬೇರೊಂದು ಬೆಲೆಯೂ ಇದೆ. ಕರಾವಳಿ ನಿಯಂತ್ರಣ ವಲಯದ ನಿಯಮ ಮೊದಲು ಬಂದದ್ದು 1991ರಲ್ಲಿ. ಜನ ವಿರಳವಾಗಿರುವ ಹಳ್ಳಿಗಾಡಿನ ದಂಡೆಯಲ್ಲಿ ಭರತದ ಗೆರೆಯಿಂದ 200 ಮೀಟರಿನೊಳಗೆ ಹೊಸ ಕಟ್ಟಡ ಎಬ್ಬಿಸುವಂತಿಲ್ಲ. ಮೊದಲೇ ಇದ್ದ, ಕಾಗದಪತ್ರ ಸರಿಯಿರುವ ಮನೆಯನ್ನು ಅದರ ತಳಪಾಯ ಮೀರದಂತೆ ದುರಸ್ತಿ ಮಾಡಬಹುದು. ಹೀಗಾಗಿ ಹೊರಗಿನಿಂದ ಬಂದವರು ಹಳೆಯ ಮನೆಗಳನ್ನು ಹುಡುಕಿಕೊಂಡು ಅಲೆಯುತ್ತಾರೆ. ಗೆಳೆಯನಿಗೂ ಕೇಳಿಕೆಗಳು ಬಂದಿದ್ದವು. ಅವನು ಮಾರಲಿಲ್ಲ ಎಂಬ ಕಾರಣಕ್ಕೇ ನನಗೆ ಅವನ ಮೇಲೆ ಪ್ರೀತಿ ಹೆಚ್ಚು.

ಆ ಮನೆಯಲ್ಲಿ ನಡೆಯುತ್ತಿದ್ದ ಕೆಲಸದ ಮೊದಲ ಭಾಗ ಕಟ್ಟುವುದಾಗಿರಲಿಲ್ಲ, ತೆಗೆಯುವುದಾಗಿತ್ತು. ಚಿರೇಕಲ್ಲಿನ ಗೋಡೆಗೆ ಹಿಂದಿನವರು ಯಾವಾಗಲೋ ಸಿಮೆಂಟಿನ ಗಿಲಾವು ಬಳಿದಿದ್ದರು. ಹೊರಗಿನಿಂದ ಗಟ್ಟಿಯಾಗಿ ಕಾಣುತ್ತಿದ್ದ ಅದನ್ನು ಕೆತ್ತಿ ತೆಗೆದರೆ ಒಳಗಿನ ಕಲ್ಲು ಹಳೆಯ ರಸ್ಕಿನ ಹಾಗೆ ಉದುರುತ್ತಿತ್ತು. ಚಿರೇಕಲ್ಲು ಉಸಿರಾಡುವ ಕಲ್ಲು. ನೆಲದಿಂದ ಕೊಡಲಿಗೆ ಸಿಗುವಷ್ಟು ಮೆತ್ತಗೆ ಏಳುತ್ತದೆ, ಗಾಳಿಗೆ ಒಡ್ಡಿಕೊಂಡು ಗಟ್ಟಿಯಾಗುತ್ತದೆ. 1801ರಲ್ಲಿ ನಮ್ಮ ಜಿಲ್ಲೆಯನ್ನೂ ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮುಂದೆ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ, ಕೇರಳದ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿಗೆ ಲ್ಯಾಟರೈಟ್ ಎಂದು ಕರೆದ. ಇಟ್ಟಿಗೆಯಂತೆ ಕಡಿದು ಬಳಸುವುದನ್ನು ಕಂಡು ಕೊಟ್ಟ ಹೆಸರು ಅದು. ಈ ಕಲ್ಲು ನೆಲದ ತೇವವನ್ನು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಕಡಲಂಚಿನ ತೇವದಲ್ಲಿ ಉಪ್ಪು ಇರುತ್ತದೆ. ಸುಣ್ಣದ ಗಿಲಾವಿದ್ದರೆ ನೀರು ಅದರ ಮೂಲಕ ಹೊರಬಿದ್ದು ಉಪ್ಪು ಮೇಲ್ಮೈಯಲ್ಲಿ ಬಿಳಿ ಹುಡಿಯಾಗುತ್ತದೆ, ಒರೆಸಿದರೆ ಹೋಯಿತು. ಸಿಮೆಂಟು ಬಾಯಿ ಮುಚ್ಚಿದರೆ ಉಪ್ಪು ಒಳಗೇ ಹರಳುಗಟ್ಟಿ, ಹಿಗ್ಗಿ, ಕಲ್ಲನ್ನು ಪುಡಿಗಟ್ಟುತ್ತದೆ. ಕಬ್ಬಿಣದ ಕಥೆ ಇನ್ನೂ ಕೆಟ್ಟದ್ದು. ಅಡುಗೆಮನೆಯ ಬಾಗಿಲ ಮೇಲೆ ಹಾಕಿದ್ದ ಕಾಂಕ್ರೀಟ್ ಲಿಂಟಲ್ ಒಡೆದು, ಒಳಗಿನ ಸರಳು ತುಕ್ಕಿನಿಂದ ಉಬ್ಬಿ ಪದರ ಪದರವಾಗಿ ಕೈಗೆ ಬರುತ್ತಿತ್ತು. ಅದರ ಪಕ್ಕದಲ್ಲೇ ಹಳೆಯ ಹಲಸಿನ ದಾರಂದ, ಒಂದೂ ಮೊಳೆಯಿಲ್ಲದೆ ಮರದ ಗೂಟದಿಂದ ಬಿಗಿದದ್ದು, ಒರೆಸಿದರೆ ಹೊನ್ನಿನ ಬಣ್ಣಕ್ಕೆ ತಿರುಗುತ್ತಿತ್ತು.

ಮಳಗಿಯಲ್ಲಿ ಮನೆಯ ಶತ್ರು ಗೆದ್ದಲು. ಕಾಡಿನಿಂದ ನೆಲದೊಳಗೇ ದಾರಿ ಮಾಡಿಕೊಂಡು ಬಂದು ಗೋಡೆ ಏರಿ ಬಾಗಿಲು ತಿನ್ನುತ್ತದೆ. ಅದನ್ನು ಕಾಯುವುದು ನಮಗೆ ಗೊತ್ತು. ತಳಪಾಯದ ಸುತ್ತ ನೋಡುತ್ತಿರಬೇಕು, ಮಣ್ಣಿನ ಗೆರೆ ಕಂಡ ದಿನವೇ ಕೆರೆದು ತೆಗೆಯಬೇಕು. ಕಡಲಿನ ಉಪ್ಪಿಗೆ ದಾರಿಯಿಲ್ಲ, ಗೆರೆಯಿಲ್ಲ. ಅದು ಉಸಿರಿನ ಜೊತೆಗೇ ಒಳಗೆ ಬರುತ್ತದೆ.

ಗೌಂಡಿ ಬಳಸಿದ್ದು ಚಿಪ್ಪಿನ ಸುಣ್ಣ. ಅಘನಾಶಿನಿಯ ಅಳಿವೆಯಲ್ಲಿ ಬೆಳಚು ಆಯುವ ಹೆಂಗಸರು ಇಳಿತದ ಹೊತ್ತಿಗೆ ಸೊಂಟದ ತನಕ ನೀರಿನಲ್ಲಿ ನಿಂತದ್ದನ್ನು ನೋಡಬಹುದು. 2024ರಲ್ಲಿ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಳಿವೆ ಇದು. ಪಟ್ಟಿ ಬರುವುದಕ್ಕೆ ಎಷ್ಟೋ ಕಾಲ ಮೊದಲಿನಿಂದ ಎಷ್ಟೋ ಮನೆಗಳ ಅನ್ನ. ಮಾಂಸ ಊಟಕ್ಕೆ ಹೋದ ಮೇಲೆ ಉಳಿದ ಚಿಪ್ಪನ್ನು ಇದ್ದಿಲಿನ ಜೊತೆ ಪದರವಾಗಿ ಪೇರಿಸಿ ಸುಟ್ಟರೆ ಸುಟ್ಟಸುಣ್ಣ. ಅದಕ್ಕೆ ನೀರು ಹೊಯ್ದಾಗ ಕೊತಕೊತ ಕುದಿದು ಹೊಗೆಯಾಡಿ ಅರಳುವುದನ್ನು ನಾನು ಹತ್ತಿರದಿಂದ ನೋಡಿದ್ದು ಅಲ್ಲಿಯೇ. ಗುಂಡಿಯಲ್ಲಿ ನೀರಿನಡಿ ಕೊಳೆಹಾಕಿದ ಸುಣ್ಣವನ್ನು ಬೆಣ್ಣೆಯ ಹದಕ್ಕೆ ಬಂದಮೇಲೆ ಎತ್ತಿ, ಸಿಹಿನೀರಿನ ಮರಳು, ಬೆಲ್ಲದ ನೀರು ಬೆರೆಸಿ ಅರೆಯುತ್ತಿದ್ದರು. ಕಣ್ಣೆದುರು ಗಾಡಿ ಗಾಡಿ ಮರಳು ಬಿದ್ದಿದ್ದರೂ ಕಡಲ ಮರಳಿನ ಒಂದು ಬೊಗಸೆಯೂ ಒಳಗೆ ಸೇರುವಂತಿಲ್ಲ, ಅದರಲ್ಲಿ ಉಪ್ಪಿದೆ. ಗೋಡೆಗೆ ಹಚ್ಚಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರುತ್ತ, ವಾರ ತಿಂಗಳುಗಳ ನಿಧಾನದಲ್ಲಿ ಮತ್ತೆ ಚಿಪ್ಪಿನ ಗುಣಕ್ಕೆ, ಕಲ್ಲಿನ ಗುಣಕ್ಕೆ ಮರಳುತ್ತದೆ. ಆ ತನಕ ದಿನವೂ ನೀರು ಚಿಮುಕಿಸಿ ಕಾಯಬೇಕು.

ಈ ಕೆಲಸ ಕಲಿಯಲು ಯಾರಾದರೂ ಬರುತ್ತಾರೆಯೇ ಎಂದು ಗೌಂಡಿಯನ್ನು ಕೇಳಿದೆ. ಸುಣ್ಣ ಕೈ ಸುಡುತ್ತದೆ, ಹುಡುಗರಿಗೆ ಸಿಮೆಂಟಿನ ಚೀಲ ಒಡೆಯುವುದು ಸುಲಭ ಎಂದರು. ಆಮೇಲೆ ಕರಣೆ ಆಡಿಸುತ್ತಲೇ, ಕೇಳದೆಯೇ, ಹೆಂಡತಿಯ ತವರಿನ ಮಾತು ತೆಗೆದರು. ಅದು ಸೀಬರ್ಡ್ ನೌಕಾನೆಲೆಗಾಗಿ ಕಾರವಾರ–ಅಂಕೋಲೆಗಳ ನಡುವೆ ತೆರವಾದ ಕಡಲಂಚಿನ ಊರುಗಳಲ್ಲಿ ಒಂದು. ಅಲ್ಲಿ ಈಗ ಐಎನ್‌ಎಸ್ ಕದಂಬ ಇದೆ, 2005ರಿಂದ. ಮೀನುಗಾರರು, ಗದ್ದೆ ಮಾಡುತ್ತಿದ್ದವರು ಸಾವಿರಾರು ಕುಟುಂಬಗಳಾಗಿ ಪುನರ್ವಸತಿ ಕಾಲನಿಗಳಿಗೆ ಎದ್ದುಹೋದರು. ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ತಾವೇ ಗಿಲಾವು ಮಾಡಿದ್ದರಂತೆ. ಆ ಗೋಡೆ ಎಷ್ಟು ಕಾಲ ನಿಲ್ಲುತ್ತಿತ್ತೆಂದು ನೋಡಲಾಗಲಿಲ್ಲ ಎಂದು ಹೇಳಿ, ಇನ್ನೊಂದು ಮಾತಾಡದೆ ಮೂಲೆ ತೀಡತೊಡಗಿದರು. ದೇಶಕ್ಕೆ ನೌಕಾನೆಲೆ ಬೇಕು ಎನ್ನುವುದನ್ನು ನಾನು ಅಲ್ಲಗಳೆಯಲಾರೆ. ಆದರೆ ಹಳೆಯ ಮನೆಯನ್ನು ದುರಸ್ತಿ ಮಾಡುವ ಸುಖ ಎಲ್ಲರಿಗೂ ಸಿಕ್ಕಿದ್ದಲ್ಲ ಎಂಬುದು ಆ ಜಗುಲಿಯಲ್ಲಿ ನಿಂತಾಗ ಎದೆಗೆ ತಟ್ಟಿತು.

ಮಧ್ಯಾಹ್ನದ ಊಟ ಪಕ್ಕದ ಮನೆಯಿಂದ. ಅಲ್ಲಿನ ಹರಿಕಂತ್ರ ಅಜ್ಜಿ ಗೆಳೆಯನ ಅಜ್ಜಿಯ ಕಾಲದಿಂದ ಆ ಮನೆಗೆ ಬಳಕೆಯವರು. ಕೆಂಪು ಕಗ್ಗದ ಅಕ್ಕಿಯ ಅನ್ನ, ಬೆಳಚಿನ ಸುಕ್ಕೆ, ಮುರುಗಲು ಹಾಕಿ ಕುದಿಸಿದ ಬಾಂಗಡೆ ಸಾರು, ನಾವು ತಂದ ಈರುಳ್ಳಿಯನ್ನೇ ಗುದ್ದಿ ಹೋಳು ಮಾಡಿದ್ದು. ಕಗ್ಗ ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ನಿಂತು ಬೆಳೆಯುವ ಭತ್ತ. ಗೊಬ್ಬರ ಕೇಳುವುದಿಲ್ಲ, ನೆರೆಗೆ ಹೆದರುವುದಿಲ್ಲ. ಅದರ ಅನ್ನ ಅಗಿಯಲು ಸ್ವಲ್ಪ ಹೊತ್ತು ಬೇಕು, ಹಸಿವನ್ನು ಸಂಜೆಯ ತನಕ ಹತ್ತಿರ ಸುಳಿಯಗೊಡುವುದಿಲ್ಲ. ನಮ್ಮಲ್ಲಿ ಜಲಾಶಯದ ಮೀನಿಗೆ ಎಷ್ಟು ಹುಳಿ ಹಿಂಡಿದರೂ ಕೆಸರಿನ ವಾಸನೆ ಹಿಂದೆ ಉಳಿದೇ ಇರುತ್ತದೆ. ಅದೇ ನಮ್ಮ ನಾಲಗೆಗೆ ಮನೆಯ ರುಚಿ. ಇಲ್ಲಿಯ ಬಾಂಗಡೆಗೆ ಅಂಥ ಮರೆಮಾಚುವ ಮಸಾಲೆಯೇ ಬೇಡ. ನಾನು ಮಳಗಿಯಿಂದ ಒಯ್ದಿದ್ದ ಅಪ್ಪೆಮಿಡಿಯ ಉಪ್ಪಿನಕಾಯನ್ನು ಅಜ್ಜಿ ಚಪ್ಪರಿಸಿ, ಇದಕ್ಕೆ ಉಪ್ಪು ಎಲ್ಲಿಯದು ಎಂದು ಕೇಳಿದರು. ಸಾಣಿಕಟ್ಟೆಯದು ಎಂದೆ. ಅವರ ಮುಖ ಅರಳಿತು. ಗೋಕರ್ಣದ ದಾರಿಯಲ್ಲಿರುವ ಸಾಣಿಕಟ್ಟೆಯ ಆಗರಗಳಲ್ಲಿ ಬೇಸಿಗೆಯಲ್ಲಿ ತೆಗೆದ ಹರಳುಪ್ಪು ಘಟ್ಟದ ಮೇಲಿನ ಮಿಡಿಯ ಭರಣಿಗಳಿಗೆ ಏರಿಬರುತ್ತದೆ. ಇಲ್ಲಿ ಕಲ್ಲಿನ ಗೋಡೆಯನ್ನು ತಿನ್ನುವ ಅದೇ ಉಪ್ಪು ಅಲ್ಲಿ ನಮ್ಮ ಮಿಡಿಯನ್ನು ವರ್ಷಗಟ್ಟಲೆ ಕೆಡದಂತೆ ಕಾಯುತ್ತದೆ.

ಊಟವಾದ ಮೇಲೆ ತೊಲೆ ಏರಿಸುವ ಕೆಲಸ. ಹಳೆಯ ಮಾಡಿನ ಪಕಾಸಿಗಳಲ್ಲಿ ಅರ್ಧಕ್ಕರ್ಧ ಕುಟ್ಟೆ ಹುಳ ತಿಂದು ಟೊಳ್ಳಾಗಿದ್ದವು. ಬೆರಳಿನಿಂದ ತಟ್ಟಿದರೆ ಹಿಟ್ಟು ಉದುರುತ್ತಿತ್ತು. ಗಮನಿಸಿ ನೋಡಿದರೆ ಕೆಟ್ಟದ್ದು ಮಲಗುವ ಕೋಣೆಗಳ ಮೇಲಿನದಷ್ಟೇ ಅಲ್ಲ, ಅಡುಗೆಮನೆಯ ಮೇಲಿನದೂ. ಬಡಗಿ ವಿವರಿಸಿದ್ದು ಹೀಗೆ: ಸೌದೆ ಒಲೆ ಉರಿಯುತ್ತಿದ್ದ ಕಾಲದಲ್ಲಿ ಹೊಗೆ ಮಾಡಿನಡಿ ಸುತ್ತಾಡಿ ಹಂಚಿನ ಸಂದಿಯಿಂದ ಹೊರಹೋಗುತ್ತಿತ್ತು, ಮರಕ್ಕೆ ಒಂದು ಪದರ ಮಸಿ ಕಟ್ಟುತ್ತಿತ್ತು, ಹುಳ ಹತ್ತಿರ ಬರುತ್ತಿರಲಿಲ್ಲ. ಗ್ಯಾಸು ಬಂತು, ಆಮೇಲೆ ಮನೆಮಂದಿಯೆಲ್ಲ ಹುಬ್ಬಳ್ಳಿ, ಮುಂಬಯಿ ಎಂದು ಚದುರಿ ಮನೆಗೆ ಬೀಗ ಬಿತ್ತು, ಹೊಗೆ ನಿಂತಿತು. ನಮ್ಮ ಮತ್ತಿಯ ತೊಲೆಯನ್ನು ಹೆಗಲಿಗೆತ್ತಿಕೊಳ್ಳುವ ಮೊದಲು ಆತ ಮೂಗು ಹಚ್ಚಿ ಮೂಸಿದ. ಇದು ಒಳ್ಳೆ ಅಡುಗೆಮನೆಯ ಮರ ಎಂದ. ದೊಡ್ಡಮ್ಮನಿಗೆ ಈ ಮಾತನ್ನು ಒಯ್ದು ಮುಟ್ಟಿಸಬೇಕೆಂದು ಆಗಲೇ ಅಂದುಕೊಂಡೆ, ಮುಟ್ಟಿಸಿದೆ ಕೂಡ. ಅವರು ಏನೂ ಹೇಳಲಿಲ್ಲ.

ಹಂಚುಗಳನ್ನು ಕೆಳಗಿಳಿಸಿ ಒಂದೊಂದನ್ನೇ ತೊಳೆದು ಒಣಗಿಸಿದ್ದರು. ಬೆರಳ ಗೆಣ್ಣಿನಿಂದ ಹೊಡೆದು ನೋಡುತ್ತಾರೆ; ಕಂಚಿನ ನಾದ ಬಂದರೆ ಗಟ್ಟಿ, ಮೊದ್ದು ಸದ್ದು ಬಂದರೆ ಒಳಗೆ ಬಿರುಕು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಅಲ್ಲಿಂದ ಹಬ್ಬಿದ ಉದ್ಯಮದ ಹಂಚು ಮಚ್ವೆಗಳಲ್ಲಿ ಕರಾವಳಿಯುದ್ದಕ್ಕೂ ಹೋಯಿತು, ಬಂದರಿನಿಂದ ಗಾಡಿಯೇರಿ ಘಟ್ಟವನ್ನೂ ಹತ್ತಿತು. ಮಳಗಿಯ ನಮ್ಮ ಮನೆಯ ಮೇಲಿರುವುದೂ ಮಂಗಳೂರಿನ ಹಂಚೇ. ಈ ಹಂಚಿನ ಮಾಡನ್ನು ಪ್ರತಿ ವರ್ಷ ಮಳೆಗೆ ಮುಂಚೆ ಕೈಯಾಡಿಸಬೇಕು. ಮೇಲೆ ಹತ್ತಿ, ಸರಿದದ್ದನ್ನು ಸರಿಸಿ, ಒಡೆದದ್ದನ್ನು ಬದಲಿಸಿ, ಸಂದಿಯ ಎಲೆ ಕಸ ತೆಗೆದು ಇಳಿಯುವ ಕೆಲಸ. ಒಂದು ವರ್ಷ ಬಿಟ್ಟರೆ ಒಂದು ಹನಿ, ಎರಡು ವರ್ಷ ಬಿಟ್ಟರೆ ಒಂದು ರೀಪು, ಐದು ವರ್ಷ ಬಿಟ್ಟರೆ ಮಾಡೇ ಹೋಯಿತು. ಮೂವತ್ತು ವರ್ಷದ ಗ್ಯಾರಂಟಿ ಕೊಡುವ ತಗಡಿನ ಶೀಟನ್ನು ಜನ ಯಾಕೆ ಬಯಸುತ್ತಾರೆಂದು ನನಗೆ ಅರ್ಥವಾಗುತ್ತದೆ. ಹಂಚು ಹೊದ್ದ ಮನೆ ವರ್ಷಕ್ಕೊಮ್ಮೆ ಮನುಷ್ಯನನ್ನು ತನ್ನ ಮೇಲೆ ಹತ್ತಿಸಿಕೊಳ್ಳುತ್ತದೆ. ಹತ್ತುವವನು ಊರಿನಲ್ಲಿರಬೇಕು.

ಸಂಜೆ ಕೆಲಸದವರು ಹೋದ ಮೇಲೆ ನಾವಿಬ್ಬರೂ ಸುರಹೊನ್ನೆಯ ಕಟ್ಟೆಯ ಮೇಲೆ ಕೂತೆವು. ಇಳಿಹೊತ್ತಿನ ಗಾಳಿ ಆಗತಾನೇ ತಂಪಾಗತೊಡಗಿತ್ತು. ಜಲಾಶಯದ ಏರಿಯ ಮೇಲೆ ಕೂತು ಬೆಳೆದವನು ನಾನು. ಅಲ್ಲಿ ಸಂಜೆ ನೀರು ಅಲುಗುವುದಿಲ್ಲ, ಗುಡ್ಡದ ನೆರಳು ಅದರೊಳಗೆ ಪೂರ್ತಿ ಇಳಿದಿರುತ್ತದೆ, ಬೇಸಿಗೆ ಬಂದಂತೆ ಹಿಂದೆ ಸರಿದು ಕೆಸರಿನ ದಂಡೆ ತೋರಿಸುತ್ತದೆ. ಆ ನೀರಿನ ಮಟ್ಟ ನೋಡಿ ಹಾನಗಲ್ಲಿನ ರೈತರು ಬೆಳೆಯ ಲೆಕ್ಕ ಹಾಕುತ್ತಾರೆ. ಕಡಲಿನ ಮುಂದೆ ಲೆಕ್ಕ ಹಾಕುವುದಕ್ಕೇನೂ ಇಲ್ಲದ್ದರಿಂದಲೋ ಏನೋ, ಮೈ ತಾನಾಗಿ ಸಡಿಲವಾಯಿತು. ಗೆಳೆಯ ಕಾಲು ಚಾಚಿಕೊಂಡು ಚಿಕ್ಕಂದಿನ ರಜೆಯ ದಿನಗಳನ್ನು ಹೇಳುತ್ತ ಹೋದ: ರಂಪಣಿ ಬಲೆ ಎಳೆಯುವಾಗ ಕೈ ಸೇರಿಸಿದವರಿಗೆಲ್ಲ ಪಾಲು ಸಿಗುತ್ತಿದ್ದದ್ದು, ಅಜ್ಜ ಅಳಿವೆಯ ನೀರಿನ ಬಣ್ಣ ನೋಡಿ ಮಳೆ ಹೇಳುತ್ತಿದ್ದದ್ದು. ಬೆಂಗಳೂರಿನಲ್ಲಿ ಸಿಕ್ಕಾಗ ಎಂದೂ ಇಷ್ಟು ಮಾತಾಡದವನು. ಆ ಸಂಜೆಯ ಸಂತೋಷ ನಿಜವಾದದ್ದು. ಮನೆಗೆ ಇಷ್ಟೆಲ್ಲ ಹಣ ಸುರಿದದ್ದಕ್ಕೆ ಅದೊಂದೇ ಸಾಕೆಂದು ನನಗೂ ಅನ್ನಿಸಿತು.

ನಮ್ಮ ಜಿಲ್ಲೆಯ ಕಡಲಂಚಿನ ಮನೆಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಕಾರವಾರದಲ್ಲಿತ್ತು. ಭಾರತೀಯರಲ್ಲಿ ಮೊದಲ ಐಸಿಎಸ್ ಅಧಿಕಾರಿಯಾದ ಸತ್ಯೇಂದ್ರನಾಥ ಠಾಕೂರರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರ ಸುಮಾರಿಗೆ, ತಮ್ಮ ರವೀಂದ್ರನಾಥ ಬಂದು ಅಣ್ಣನ ಜೊತೆ ತಂಗಿದ್ದರು. ಇಪ್ಪತ್ತೆರಡರ ಆಸುಪಾಸಿನ ಹರೆಯ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಅಲ್ಲಿ ಬರೆದದ್ದು. ಬೆಳದಿಂಗಳಲ್ಲಿ ಕಾಳಿ ನದಿಯೊಳಗೆ ದೋಣಿಯಲ್ಲಿ ಹೋಗಿ ಬಂದು, ಅಳಿವೆಯಿಂದ ಮರಳಿನ ಮೇಲೆ ನಡೆದು ಮನೆ ಸೇರಿದ ರಾತ್ರಿಯನ್ನು ಅವರು ಎಷ್ಟೋ ವರ್ಷಗಳ ನಂತರ ತಮ್ಮ ನೆನಪುಗಳಲ್ಲಿ ಬರೆದುಕೊಂಡರು. ಕಾರವಾರದ ದಂಡೆಗೆ ಈಗ ಅವರ ಹೆಸರಿದೆ. ಆ ಮನೆಯ ಹಂಚು ಕೈಯಾಡಿಸಿದವರು, ಮಳೆಗೆ ಮುನ್ನ ಪಡುವಣಕ್ಕೆ ಮಡಲಿನ ತಟ್ಟಿ ಕಟ್ಟಿದವರು ಯಾರೆಂದು ಯಾವ ಪುಸ್ತಕದಲ್ಲೂ ಇಲ್ಲ. ಕವಿ ಬರುವ ಮುಂಚೆಯೂ ಹೋದ ಮೇಲೂ ಅವರು ಆ ಕೆಲಸ ಮಾಡಿದ್ದಿರಬೇಕು. ಇಲ್ಲದಿದ್ದರೆ ತಂಗಲು ಮನೆ ಎಲ್ಲಿರುತ್ತಿತ್ತು?

ಹೊರಡುವ ದಿನ ಬೆಳಿಗ್ಗೆ ಹರಿಕಂತ್ರ ಅಜ್ಜಿ ಬಂದು ಕೆಲಸವನ್ನೆಲ್ಲ ಸುತ್ತಿ ನೋಡಿದರು. ಗೋಡೆಯ ಮೇಲೆ ಕೈಯಾಡಿಸಿದರು. ಮಾಡನ್ನು ತಲೆಯೆತ್ತಿ ನೋಡಿ ನಮ್ಮ ತೊಲೆಯನ್ನು ಗುರುತಿಸಿದರು. ಬೇರೆ ಮರಗಳ ನಡುವೆ ಅದೊಂದು ಕಪ್ಪಗಿತ್ತು. ಆಮೇಲೆ ಗೆಳೆಯನ ಕಡೆ ತಿರುಗಿ ಕೇಳಿದರು: “ಚೊಲೊ ಆಯ್ತು ತಮಾ. ಮಳಗಾಲದಲ್ಲಿ ಇಲ್ಲಿ ಒಲೆ ಹಚ್ಚೋರು ಯಾರು?”

ಅವನು ದೀಪಾವಳಿಗೆ ಬರುತ್ತೇನೆ, ಕ್ರಿಸ್‌ಮಸ್ ರಜೆಗೆ ಮಕ್ಕಳನ್ನು ಕರೆತರುತ್ತೇನೆ ಎಂದ. ಅಜ್ಜಿ ಕೇಳಿದ್ದು ಅದನ್ನಲ್ಲವೆಂದು ಮೂವರಿಗೂ ಗೊತ್ತಿತ್ತು. ಕಡಲಂಚಿನಲ್ಲಿ ಬರುವವರ ಕಾಲ ಅಕ್ಟೋಬರಿನಿಂದ ಮೇ ತನಕ. ಮನೆಯ ಪರೀಕ್ಷೆಯ ಕಾಲ ಉಳಿದ ನಾಲ್ಕು ತಿಂಗಳು. ಜೂನ್ 1ರಿಂದ ಜುಲೈ ಕೊನೆಯ ತನಕ ಯಂತ್ರದ ದೋಣಿಗಳು ನೀರಿಗಿಳಿಯುವಂತಿಲ್ಲ, ದಂಡೆಯಲ್ಲಿ ಯಾರೂ ಸುಳಿಯುವುದಿಲ್ಲ, ಹಗಲು ರಾತ್ರಿ ಒಂದೇ ಸದ್ದು. ಆಗ ಒಳಗೆ ಬೆಂಕಿಯಿಲ್ಲದ ಮನೆಯ ಗೋಡೆಗೆ ಪಾಚಿ ಏರುತ್ತದೆ, ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ, ಮಾಡಿನ ಮರ ನೀರು ಕುಡಿದು ಹುಳುವಿಗೆ ಹದವಾಗುತ್ತದೆ. ಎಷ್ಟು ಚೆಂದದ ಸುಣ್ಣ ಬಳಿದರೂ ಬೀಗ ಹಾಕಿಟ್ಟರೆ ಕೆಲವೇ ಮಳೆಗಾಲ.

ಘಟ್ಟ ಹತ್ತುವಾಗ ಖಾಲಿ ಟೆಂಪೋ ಕುಣಿಯುತ್ತಿತ್ತು. ಸಂಜೆಯ ಹೊತ್ತಿಗೆ ಮಳಗಿ ತಲುಪಿದೆ. ದೊಡ್ಡಪ್ಪನ ಮನೆಯ ಜಾಗದಲ್ಲಿ ಕಂಬಗಳ ಸರಳು ಆಕಾಶಕ್ಕೆ ನಿಂತಿದ್ದವು. ಅವರ ಮಕ್ಕಳ ನಿರ್ಧಾರವನ್ನು ನಾನು ತಪ್ಪೆನ್ನುವುದಿಲ್ಲ. ಅವರು ಇಲ್ಲೇ ಇರುತ್ತಾರೆ, ಹೊಸ ಮನೆಯಲ್ಲಿ ದಿನವೂ ಅಡುಗೆಯಾಗುತ್ತದೆ, ಮಕ್ಕಳು ಓಡಾಡುತ್ತಾರೆ. ಅಲ್ಲಿ ಮಾತ್ರ ಮನೆ ಚೆಂದವಾಗಿ ನಿಂತಿದೆ, ಜನ ಇಲ್ಲ. ಇಲ್ಲಿ ಜನ ಇದ್ದಾರೆ, ಮನೆ ಹೋಯಿತು. ಒಂದನ್ನು ಉಳಿಸಿದವನೂ ಇನ್ನೊಂದನ್ನು ಉರುಳಿಸಿದವರೂ ನನಗೆ ಬೇಕಾದವರೇ. ಮಳೆ ಹಿಡಿದ ಮೇಲೆ, ನಮ್ಮ ಹಂಚಿನ ಮೇಲೆ ನೀರು ಸುರಿಯುವ ಸದ್ದು ಕೇಳುತ್ತ ಮಲಗಿದ ರಾತ್ರಿಗಳಲ್ಲಿ, ಆ ಕಪ್ಪು ತೊಲೆ ನೆನಪಾಗಿ ನಿದ್ದೆ ಹಾರುತ್ತಿತ್ತು. ಅಷ್ಟು ವರ್ಷ ಒಂದು ಮನೆಯವರ ಊಟದ ಹೊಗೆ ಕುಡಿದ ಮರವನ್ನು ತಣ್ಣನೆಯ ಅಡುಗೆಮನೆಗೆ ಒಪ್ಪಿಸಿ ಬಂದೆನಲ್ಲ ಎಂದು.

ಆಷಾಢದಲ್ಲಿ ಗೆಳೆಯನಿಗೆ ಫೋನು ಮಾಡಿ ಇದನ್ನೇ ಹೇಳಿದೆ. ಹಿತ್ತಿಲ ಬದಿಯ ಅಡುಗೆಮನೆಯ ಬೀಗದಕೈಯನ್ನು ಪಕ್ಕದ ಮನೆಗೆ ಕೊಡು, ಅವರ ಸ್ವಂತ ಬಳಕೆಗೇ ಕೊಡು, ಕಾವಲಿಗೆ ಅಂತ ಸಂಬಳ ಕೊಡುವ ಮಾತು ಬೇಡ ಎಂದೆ. ಅಜ್ಜಿಯ ಸೊಸೆ ಮಳೆಗಾಲದಲ್ಲಿ ಭತ್ತ ಬೇಯಿಸಲು, ಒಣಮೀನು ಬೆಚ್ಚಗಿಡಲು ಜಾಗವಿಲ್ಲದೆ ಒದ್ದಾಡುವುದನ್ನು ನಾನು ಅಲ್ಲಿದ್ದಾಗ ಕೇಳಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಮನೆಯೆಲ್ಲ ಮತ್ತೆ ಮಸಿಯಾಗುತ್ತದಲ್ಲ, ಗೋಡೆಗೆ ಈಗಷ್ಟೇ ಸುಣ್ಣ ಬಳಿದಿದ್ದೇವಲ್ಲ ಎಂದ. ಮಸಿಯಾಗಲಿ, ವರ್ಷಕ್ಕೊಮ್ಮೆ ಬಳಿಯುವುದಕ್ಕೇ ಅಲ್ಲವೇ ಸುಣ್ಣ ಇರುವುದು ಎಂದೆ. ಹೆಂಡತಿಯ ಹತ್ತಿರ ಮಾತಾಡುತ್ತೇನೆ ಎಂದು ಇಟ್ಟ.

ವಾರ ಕಳೆದು ಬೀಗದಕೈ ಪಕ್ಕದ ಮನೆ ಸೇರಿತು ಎಂಬ ಸುದ್ದಿ ಬಂತು. ಬರೀ ಅಡುಗೆಮನೆ ಮತ್ತು ಅದರ ಪಕ್ಕದ ಕೋಣೆ. ಮುಂದಿನ ಭಾಗಕ್ಕೆ ಇನ್ನೂ ಬೀಗವೇ. ಮಾಡು ಒಂದೇ ಆದ್ದರಿಂದ ಹೊಗೆ ಅಲ್ಲಿಗೂ ಹೋಗುತ್ತದೆ ಎಂದು ಬಡಗಿ ಹೇಳಿದ್ದಾನಂತೆ, ಅದು ಎಷ್ಟು ಸಾಲುತ್ತದೋ ನೋಡಬೇಕು. ನೂಲುಹುಣ್ಣಿಮೆಯ ದಿನ ಮೀನುಗಾರರು ಕಡಲಿಗೆ ತೆಂಗಿನಕಾಯಿ ಒಪ್ಪಿಸಿ ಪೂಜೆ ಮಾಡುತ್ತಾರೆ. ಆ ಹೊತ್ತಿಗೆ ಇಳಿದುಬಾ ಎಂದು ಅಜ್ಜಿ ಹೇಳಿಕಳಿಸಿದ್ದಾರೆ. ದೊಡ್ಡಮ್ಮನೂ ಈ ಸಲ ಬರುತ್ತೇನೆ ಎನ್ನುತ್ತಿದ್ದಾರೆ. ಅವರು ಕಡಲು ನೋಡಿಲ್ಲ. ಆದರೆ ಅವರು ಕೇಳಿದ್ದು ಕಡಲಿನ ಬಗ್ಗೆ ಅಲ್ಲ, ಅಲ್ಲಿ ಒಲೆಗೆ ಯಾವ ಸೌದೆ ಹಾಕುತ್ತಾರೆ ಎಂದು.